ಎಡವೆಂದರೆ ಯಾರ ಎಡ?

ಕಳೆದ ವೈಶಾಖದ ಒಂದು ಮುಂಜಾನೆ, ಮಲ್ಲೇಶ್ವರದ ಅಡ್ಡರಸ್ತೆಗಳ ನಡುವೆ ಎಲ್ಲಿಯೋ ಅಡಗಿದ್ದ ಮದುವೆಯ ಛತ್ರವೊಂದನ್ನು ಅರಸುತ್ತ, ಮುಹೂರ್ತ ಮೀರೀತೆಂಬ ಆತಂಕದಿಂದ ಹೊರಟಿದ್ದ ನಮ್ಮ ಕಾರನ್ನು ನಡೆಸುತ್ತಿದ್ದವನು ನನ್ನ ಸೋದರಳಿಯ. ಪಕ್ಕದಲ್ಲಿ ಕುಳಿತು ದಾರಿ ಹೇಳುವ ಅಧಿಕಾರವನ್ನು, ಯಾರೂ ಕೊಡದಿದ್ದರೂ, ನಾನೇ ವಹಿಸಿಕೊಂಡಿದ್ದೆ. ಬೀದಿಯ ಕೊನೆ ಬಂದಾಗ ಅವನು, "ಮಾವ, ಇಲ್ಲಿ ಲೆಫ್ಟಾ?" ಎಂದ. ಹೌದೆಂಬ ಅರ್ಥದಲ್ಲಿ ನಾನು, "ರೈಟ್" ಎಂದೆ. ಅವನು ಬಲಕ್ಕೆ ತಿರುಗಿಸಿದ. ತಿರುಗಿಸಿದ ಬೀದಿ ಎಷ್ಟು ಇಕ್ಕಟ್ಟಾಗಿತ್ತೆಂದರೆ ಮುಂದೆ ಹೋಗಲು ಹೂವಿನ ತಳ್ಳುಗಾಡಿ ಬಿಡಲಿಲ್ಲ, ಹಿಂದೆ ಬರಲು ಹಾಲಿನ ವ್ಯಾನು ಬಿಡಲಿಲ್ಲ. ಆಗ ಆ ಹೂವಿನ ಗಾಡಿಯ ಹೆಂಗಸು, ಕೈಯಲ್ಲಿ ಮೊಳ ಹಾಕುತ್ತಿದ್ದ ಮಲ್ಲಿಗೆಯನ್ನು ಹಾಗೆಯೇ ಹಿಡಿದುಕೊಂಡು, "ಛತ್ರ ಮೂಡ್ಲ ಕಡೆ ಐತೆ, ನೀವು ಪಡುವಲಕ್ಕೆ ತಿರುಗ್ಸಿದೀರಲ್ಲ ಸ್ವಾಮಿ" ಎಂದು ಒಂದೇ ಮಾತಿನಲ್ಲಿ ನಮ್ಮಿಬ್ಬರ ಇಂಗ್ಲಿಷನ್ನೂ ಬದಿಗೆ ಸರಿಸಿ ದಾರಿ ತೋರಿದಳು.

ಪ್ರೌಢಶಾಲೆಯಲ್ಲಿ ಬಹುಕಾಲ ಇಂಗ್ಲಿಷು ಕಲಿಸಿ ನಿವೃತ್ತನಾದ ನನಗೆ ಈ ಪ್ರಸಂಗ ನಗೆಯನ್ನು ತಂದಷ್ಟೇ ನಾಚಿಕೆಯನ್ನೂ ತಂದಿತು. ದಿಕ್ಕು ಮತ್ತು ಸ್ಥಾನಗಳನ್ನು ಹೇಳುವ ಇಂಗ್ಲಿಷು ಶಬ್ದಗಳನ್ನು ಸಾವಿರಾರು ಮಕ್ಕಳ ಬಾಯಲ್ಲಿ ಹೇಳಿಸಿದ್ದೇನೆ; ಆದರೆ ಆ ಶಬ್ದಗಳು ಯಾರ ನಿಲುವಿನಿಂದ ಹೊರಡುತ್ತವೆ, ನಿಂತವನು ಯಾರು, ನೋಡುವವನು ಯಾರು, ಎಂಬುದನ್ನು ಎಷ್ಟು ಮಕ್ಕಳಿಗೆ ಮನಗಾಣಿಸಿದೆನೆಂದು ಕೇಳಿಕೊಂಡರೆ ಉತ್ತರ ಸಮಾಧಾನಕರವಾಗಿಲ್ಲ. ದಾರಿಯ ಮಾತನ್ನು ಕಾಲಿನಿಂದ ಕಲಿಯಬೇಕು. ನಾವು ಅದನ್ನು ಪುಸ್ತಕದಿಂದ ಕಲಿಸುತ್ತಿದ್ದೇವೆ. ನನ್ನ ಆಕ್ಷೇಪಣೆ ಇಷ್ಟೇ. ಆದರೆ ಅದನ್ನು ನ್ಯಾಯವಾಗಿ ಹೇಳಬೇಕಾದರೆ ಆ ಶಬ್ದಗಳ ಮನೆತನವನ್ನು ಸ್ವಲ್ಪ ವಿಚಾರಿಸಬೇಕು.

ನನ್ನನ್ನು ದಾರಿ ತಪ್ಪಿಸಿದ 'ರೈಟ್' ಎಂಬ ಪದವನ್ನೇ ಮೊದಲು ತೆಗೆದುಕೊಳ್ಳೋಣ. ಅದರ ಮೂಲಾರ್ಥ ನೆಟ್ಟಗಿರುವುದು, ವಕ್ರವಲ್ಲದ್ದು. ನಮ್ಮ 'ಋಜು' ಎಂಬ ಶಬ್ದವೂ ಅದೂ ಒಂದೇ ಬೇರಿನವು. ನೆಟ್ಟಗಿರುವುದು ಸರಿಯಾದದ್ದಾಯಿತು, ಸರಿಯಾದದ್ದು ನ್ಯಾಯವಾಯಿತು, ನ್ಯಾಯದಿಂದ ಹಕ್ಕಾಯಿತು, ಮತ್ತು ಬಹುಜನರು ಕೆಲಸಕ್ಕೆ ಬಳಸುವ ಸರಿಯಾದ ಕೈಯೆಂಬ ಭಾವನೆಯಿಂದ ಬಲಗೈಯೂ ಆಯಿತು. ಒಂದೇ ಪದ ಇಷ್ಟು ಹೊರೆಯನ್ನು ಹೊತ್ತರೆ ಬೀದಿಯ ತಿರುವಿನಲ್ಲಿ ಎಡವುವುದು ಆಶ್ಚರ್ಯವಲ್ಲ. ನಮ್ಮ ಬಸ್ಸಿನ ಕಂಡಕ್ಟರು 'ರೈಟ್ ರೈಟ್' ಎಂದು ಕೂಗಿದಾಗ ಯಾವ ಡ್ರೈವರೂ ಬಲಕ್ಕೆ ತಿರುಗಿಸಿಲ್ಲ. ಕನ್ನಡನಾಡಿನ ರಸ್ತೆಯ ಮೇಲೆ ಆ ಪದಕ್ಕೆ 'ಹೊರಡಲಿ' ಎಂಬ ನಾಲ್ಕನೆಯದೋ ಐದನೆಯದೋ ಅರ್ಥವೊಂದು ಹುಟ್ಟಿಕೊಂಡು ಎಷ್ಟೋ ಕಾಲವಾಗಿದೆ. ಇನ್ನು 'ಲೆಫ್ಟ್' ಎಂಬುದು ಹಳೆಯ ಇಂಗ್ಲಿಷಿನಲ್ಲಿ ದುರ್ಬಲ, ಕೆಲಸಕ್ಕೆ ಬಾರದ್ದು ಎಂಬ ಅರ್ಥದ ಪದ. ಕನ್ನಡದಲ್ಲಿ ಶಕ್ತಿಯೂ 'ಬಲ'ವೇ, ಆ ಪಾರ್ಶ್ವವೂ 'ಬಲ'ವೇ ಆಗಿರುವುದನ್ನು ನೆನೆದರೆ, ಎಡಗೈಗೆ ಅವಮಾನ ಮಾಡುವ ವಿಷಯದಲ್ಲಿ ಆಂಗ್ಲರೂ ನಾವೂ ಒಬ್ಬರಿಗೊಬ್ಬರು ಏನೂ ಕಡಮೆಯಲ್ಲವೆಂದು ಕಾಣುತ್ತದೆ.

ದಿಕ್ಕುಗಳ ಹೆಸರುಗಳಲ್ಲಿ ಈ ಸಾಮ್ಯ ಇನ್ನೂ ಮನೋಹರವಾಗಿದೆ. 'ಈಸ್ಟ್' ಎಂಬ ಪದವು ನಮ್ಮ ಉಷಸ್ಸಿನ ದಾಯಾದಿ, ಅರುಣೋದಯದ ದಿಕ್ಕು. 'ವೆಸ್ಟ್' ಎಂಬುದು ಸಾಯಂಕಾಲವನ್ನು ಹೇಳುವ ಲ್ಯಾಟಿನ್ನಿನ 'ವೆಸ್ಪರ್' ಎಂಬ ಪದಕ್ಕೆ ಬಂಧು. 'ಸೌತ್' ಎಂಬುದು ಸೂರ್ಯನ ಹೆಸರಿನಿಂದ ಬಂದುದಾಗಿರಬೇಕು, ಏಕೆಂದರೆ ಇಂಗ್ಲೆಂಡಿನ ಆಕಾಶದಲ್ಲಿ ನಡುಹಗಲಿನ ಸೂರ್ಯ ಯಾವಾಗಲೂ ತೆಂಕಣದಲ್ಲಿಯೇ ಇರುತ್ತಾನೆ. ಭಾಷಾಕುಟುಂಬ ಬೇರೆಯಾದರೂ ಕನ್ನಡವೂ ಇದೇ ರೀತಿಯಲ್ಲಿ ಸೂರ್ಯನ ಹಿಂದೆ ನಡೆದಿದೆ: ಅವನು ಮೂಡುವುದು ಮೂಡಣ, ಪಡುವುದು, ಎಂದರೆ ಮುಳುಗುವುದು, ಪಡುವಣ. ಕರಾವಳಿಯ ಪಡುಬಿದ್ರಿಯೂ ಒಳನಾಡಿನ ಮೂಡಬಿದಿರೆಯೂ ಈ ಎರಡು ಪದಗಳನ್ನು ಊರ ಹೆಸರಿನಲ್ಲಿಯೇ ಕಟ್ಟಿಟ್ಟುಕೊಂಡಿವೆ. ತೆಂಕುತಿಟ್ಟು, ಬಡಗುತಿಟ್ಟು ಎಂದು ಯಕ್ಷಗಾನ ಉಳಿದೆರಡನ್ನು ರಂಗಸ್ಥಳದಲ್ಲಿ ಕುಣಿಸುತ್ತಿದೆ. ಮೈಸೂರಿನ ಕಡೆಯಿಂದ ನೀಲಗಿರಿಗೆ ಹೋಗಿ ನೆಲೆಸಿದ ಬಡಗರಿಗೆ ಅವರು ಬಂದ ದಿಕ್ಕೇ ಕುಲದ ಹೆಸರಾಯಿತು. ಸಂಸ್ಕೃತದ ರೀತಿ ಬೇರೆ. ಅದು ಸೂರ್ಯನ ಎದುರಿಗೆ ಮನುಷ್ಯನನ್ನು ನಿಲ್ಲಿಸಿ ಅವನ ಮೈಯಿಂದ ದಿಕ್ಕನ್ನು ಅಳೆಯಿತು: ಮುಂದಿರುವುದು ಪೂರ್ವ, ಬೆನ್ನ ಹಿಂದಿರುವುದು ಪಶ್ಚಿಮ, ಬಲಗೈಯ ಕಡೆ ದಕ್ಷಿಣ. ಪ್ರದಕ್ಷಿಣೆಯೆಂದರೆ ದೇವರನ್ನು ಬಲಕ್ಕಿಟ್ಟುಕೊಂಡು ಸುತ್ತುವುದು. ಗಡಿಯಾರದ ಮುಳ್ಳು ಸುತ್ತುವುದೂ ಹಾಗೆಯೇ; ಉತ್ತರಾರ್ಧಗೋಳದ ನೆರಳುಗಡಿಯಾರದಲ್ಲಿ ಕಡ್ಡಿಯ ನೆರಳು ಆ ರೀತಿ ಸುತ್ತುತ್ತಿದ್ದುದರಿಂದ ಅದನ್ನು ಅನುಕರಿಸಿದ ಯಂತ್ರವೂ ಆ ರೀತಿ ಸುತ್ತಿತು. ಇಂಗ್ಲಿಷಿನಲ್ಲಿ ಈಗ 'ಕ್ಲಾಕ್‌ವೈಸ್' ಎನ್ನುವುದನ್ನು ಹಿಂದೆ 'ಸನ್‌ವೈಸ್', ಸೂರ್ಯನಂತೆ, ಎನ್ನುತ್ತಿದ್ದರು.

ನಡುದಿಕ್ಕುಗಳಲ್ಲಿ ಮಾತ್ರ ನಮ್ಮದೇ ಸಂಪತ್ತು ಹೆಚ್ಚು. ಈಶಾನ್ಯ, ಆಗ್ನೇಯ, ನೈಋತ್ಯ, ವಾಯವ್ಯ ಎಂದು ಒಂದೊಂದು ಮೂಲೆಗೂ ಒಬ್ಬೊಬ್ಬ ದಿಕ್ಪಾಲಕನನ್ನು ಕೂರಿಸಿ ಅವನ ಹೆಸರಿನಿಂದ ಕರೆದೆವು. ಆಂಗ್ಲ ನಾವಿಕನಿಗೆ ಅಂತಹ ದೇವತೆಗಳು ದೊರೆಯದೆ ಅವನು ಎರಡೆರಡು, ಮೂರು ಮೂರು ಪದಗಳನ್ನು ಗಂಟುಹಾಕಿಕೊಂಡು ದಿಕ್ಸೂಚಿಯ ವೃತ್ತವನ್ನು 32 ಭಾಗ ಮಾಡಿ ಹೆಸರಿಟ್ಟ. ಆ 32 ಹೆಸರುಗಳನ್ನು ತಪ್ಪದೆ ಸುತ್ತು ಹೇಳುವುದು ಹಡಗಿನ ಹುಡುಗರಿಗೆ ನಮ್ಮ ಮಗ್ಗಿಯಂತೆ ಒಂದು ಕಡ್ಡಾಯದ ಪಾಠವಾಗಿತ್ತು.

ಹೀಗೆ ಸ್ಥಾನವನ್ನು ಹೇಳುವುದಕ್ಕೆ ಎರಡು ದಾರಿಗಳುಂಟು: ಲೋಕವನ್ನು ಹಿಡಿದು ಹೇಳುವುದು, ಮೈಯನ್ನು ಹಿಡಿದು ಹೇಳುವುದು. ಆಸ್ಟ್ರೇಲಿಯದ ಕ್ವೀನ್ಸ್‌ಲ್ಯಾಂಡಿನಲ್ಲಿ ಗೂಗು ಯಿಮಿದಿರ್ ಎಂಬ ಜನರ ಭಾಷೆಯುಂಟು; 1770ರಲ್ಲಿ ಕ್ಯಾಪ್ಟನ್ ಕುಕ್ಕನ ಹಡಗಿನವರು 'ಕಾಂಗರೂ' ಎಂಬ ಪದವನ್ನು ಎತ್ತಿಕೊಂಡುದು ಅವರಿಂದಲೇ. ಜಾನ್ ಹ್ಯಾವಿಲೆಂಡ್, ಸ್ಟೀಫನ್ ಲೆವಿನ್ಸನ್ ಎಂಬ ವಿದ್ವಾಂಸರು ಬಹುಕಾಲ ಅಭ್ಯಸಿಸಿದ ಈ ಭಾಷೆಯಲ್ಲಿ ಸ್ಥಾನವನ್ನು ಹೇಳುವಾಗ ಎಡಬಲಗಳ ಪ್ರಯೋಗವೇ ಇಲ್ಲ. ಕಾಲ ಬಳಿ ಹರಿಯುವ ಇರುವೆಯನ್ನು ತೋರಿಸುವುದಕ್ಕೂ ತೆಂಕಣ ಬಡಗಣಗಳೇ ಬೇಕು. ಆದುದರಿಂದ ಆ ಜನ ಕತ್ತಲೆಯಲ್ಲಿಯೂ, ಅಪರಿಚಿತ ಸ್ಥಳದಲ್ಲಿಯೂ, ದಿಕ್ಕನ್ನು ಮರೆಯದೆ ಮನಸ್ಸಿನಲ್ಲಿ ಇಟ್ಟುಕೊಂಡಿರುತ್ತಾರೆ. ನಮ್ಮ ಹಳ್ಳಿಯ ಮಾತಿನಲ್ಲಿಯೂ ಈ ಪದ್ಧತಿ ಪೂರ್ತಿಯಾಗಿ ಅಳಿದಿಲ್ಲ: ಪಡುವಲ ಹೊಲ, ಬಡಗಲ ಬಾವಿ, ಮೂಡಲ ಹಟ್ಟಿ ಎಂದಾಗ ಹೇಳುವವನು ಎತ್ತ ಮುಖ ಮಾಡಿ ನಿಂತಿದ್ದರೂ ಹೊಲ ಕದಲುವುದಿಲ್ಲ. ಎಡದ ಹೊಲ ಎಂದರೆ ಅವನು ತಿರುಗಿ ನಿಂತ ಕ್ಷಣದಲ್ಲಿ ಹೊಲ ಅತ್ತಿಂದಿತ್ತ ಹಾರುತ್ತದೆ. ಆಧುನಿಕ ಇಂಗ್ಲಿಷು ಬೀದಿಯಲ್ಲಿ ಮೈಯನ್ನೇ ನೆಚ್ಚಿಕೊಂಡಿದೆ. 'ಎರಡನೆಯ ತಿರುವಿನಲ್ಲಿ ಎಡಕ್ಕೆ' ಎನ್ನುವುದು ಲಂಡನ್ನಿನ ಮಾತು, ಅಮೆರಿಕದವನಾದರೆ ಎರಡು 'ಬ್ಲಾಕ್' ನಡೆದು ತಿರುಗು ಎನ್ನುತ್ತಾನೆ. (ಆದರೂ ಇಂಗ್ಲೆಂಡಿನ ಹೆದ್ದಾರಿಗಳಲ್ಲಿ ಊರಿನ ಹೆಸರನ್ನೇ ಹೇಳದೆ 'ದ ನಾರ್ತ್' ಎಂದು ಮಾತ್ರ ಬರೆದ ಹಲಗೆಗಳಿವೆ. ಉತ್ತರವೇ ಒಂದು ಊರಾಗಿಬಿಟ್ಟಿದೆ.)

ಮೈಯನ್ನು ನೆಚ್ಚಿದ ಪದಗಳ ತೊಡಕು ಆಂಗ್ಲರಿಗೆ ತಿಳಿಯದಿರಲಿಲ್ಲ. ತಿಳಿದದ್ದು ಸಮುದ್ರದ ಮೇಲೆ. ಹಡಗಿನಲ್ಲಿ ಒಬ್ಬ ಮುಂದಕ್ಕೆ ಮುಖ ಮಾಡಿರುತ್ತಾನೆ, ಇನ್ನೊಬ್ಬ ಹಿಂದಕ್ಕೆ. ಬಿರುಗಾಳಿಯಲ್ಲಿ 'ಎಡಕ್ಕೆ' ಎಂದು ಕೂಗಿದರೆ ಯಾರ ಎಡವೆಂದು ಕೇಳುವಷ್ಟು ವ್ಯವಧಾನವಿರುವುದಿಲ್ಲ. ಆದುದರಿಂದ ಮನುಷ್ಯನ ಎಡಬಲಗಳನ್ನು ಬಿಟ್ಟು ಹಡಗಿಗೇ ಎಡಬಲಗಳನ್ನು ಕೊಟ್ಟರು. ಹಿಂದಿನ ಕಾಲದ ಹಡಗುಗಳಲ್ಲಿ ಚುಕ್ಕಾಣಿಯ ಹುಟ್ಟು ಬಲಬದಿಯಲ್ಲಿ ಇರುತ್ತಿದ್ದುದರಿಂದ ಆ ಬದಿ 'ಸ್ಟಾರ್‌ಬೋರ್ಡ್', ಚುಕ್ಕಾಣಿಯ ಮಗ್ಗುಲು, ಎನಿಸಿತು. ಎಡಬದಿಗೆ 'ಲಾರ್‌ಬೋರ್ಡ್' ಎಂಬ ಹೆಸರಿತ್ತು. ಗಾಳಿಯ ಮೊರೆತದಲ್ಲಿ ಈ ಎರಡು ಹೆಸರುಗಳೂ ಒಂದೇ ಎಂಬಂತೆ ಕೇಳಿಸುತ್ತಿದ್ದುವು. ಕಡೆಗೆ 1844ರಲ್ಲಿ ಬ್ರಿಟಿಷ್ ನೌಕಾಡಳಿತವು ಎಡಬದಿಯನ್ನು ಇನ್ನು ಮುಂದೆ 'ಪೋರ್ಟ್' ಎಂದೇ ಕರೆಯತಕ್ಕದ್ದೆಂದು ಆಜ್ಞೆ ಹೊರಡಿಸಿತು. ಅಷ್ಟರಿಂದಲೂ ಗೊಂದಲ ಮುಗಿಯಲಿಲ್ಲ. ಹಡಗನ್ನು ತಿರುಗಿಸುವ ಅಪ್ಪಣೆಯನ್ನು ಹಳೆಯ ಸಂಪ್ರದಾಯದಂತೆ ಚುಕ್ಕಾಣಿಯ ಹಿಡಿಯನ್ನು ಲಕ್ಷ್ಯದಲ್ಲಿಟ್ಟು ಕೊಡುತ್ತಿದ್ದರು. ಹಿಡಿ ಬಲಕ್ಕೆ ಹೋದರೆ ಹಡಗು ಎಡಕ್ಕೆ ತಿರುಗುವುದು. 1912ರಲ್ಲಿ ಟೈಟಾನಿಕ್ ಹಡಗಿನ ಮುಂದೆ ಹಿಮಗಡ್ಡೆ ಕಂಡಾಗ ಅಧಿಕಾರಿ ಕೊಟ್ಟ ಅಪ್ಪಣೆಯಲ್ಲಿ ಇದ್ದುದು 'ಸ್ಟಾರ್‌ಬೋರ್ಡ್' ಎಂಬ ಪದ. ಹಡಗು ತಿರುಗಿದುದು, ತಿರುಗಬೇಕೆಂದು ಅವನು ಬಯಸಿದುದೂ, ಎಡಕ್ಕೆ. 1930ರ ದಶಕದಲ್ಲಿ ಮಾತ್ರ ಈ ತಲೆಕೆಳಗಾದ ವಾಡಿಕೆಯನ್ನು ಬಿಟ್ಟು ಹಡಗು ಯಾವ ಕಡೆಗೆ ತಿರುಗಬೇಕೋ ಆ ಕಡೆಯ ಹೆಸರನ್ನೇ ಹೇಳುವ ನಿಯಮ ಬಂದಿತು. ನಾಟಕದವರೂ ವೈದ್ಯರೂ ಇದೇ ಉಪಾಯವನ್ನು ಹಿಡಿದವರು: ರಂಗದ ಎಡವೆಂದರೆ ನಟನ ಎಡ, ಪ್ರೇಕ್ಷಕನದಲ್ಲ, ವೈದ್ಯನ ಕಾಗದದಲ್ಲಿ ಎಡಗಣ್ಣೆಂದರೆ ರೋಗಿಯ ಎಡಗಣ್ಣು. ಅಪಾಯವಿರುವ ಕಡೆಯಲ್ಲೆಲ್ಲ ಮನುಷ್ಯರು 'ಯಾರ ಎಡ?' ಎಂಬ ಪ್ರಶ್ನೆಯನ್ನು ಮೊದಲೇ ತೀರ್ಮಾನಿಸಿಕೊಂಡಿದ್ದಾರೆ. ನಮ್ಮ ಪಾಠಶಾಲೆಗಳಲ್ಲಿ ಮಾತ್ರ ಅದನ್ನು ಕೇಳುವವರಿಲ್ಲ.

ಪಾಠಶಾಲೆಯ ಮಾತು ಬಂದುದರಿಂದ ಒಂದು ಉತ್ತರಪತ್ರಿಕೆಯನ್ನು ನೆನಪಿನಿಂದ ತೆಗೆದು ತೋರಿಸಬೇಕಾಗಿದೆ. ಬೇಲೂರಿನ ಪ್ರವಾಸವನ್ನು ವರ್ಣಿಸಿ ಪ್ರಬಂಧ ಬರೆಯೆಂದರೆ ಒಂಬತ್ತನೆಯ ತರಗತಿಯ ಹುಡುಗನೊಬ್ಬನು, ಬಹಳ ಚುರುಕಾದವನು, ತಾನು ದಾರಿಯುದ್ದಕ್ಕೂ 'ಇನ್ ಫ್ರಂಟ್ ಆಫ್ ದ ಬಸ್' ಕುಳಿತು ಪ್ರಕೃತಿಸೌಂದರ್ಯವನ್ನು ಸವಿದೆನೆಂದು ಬರೆದಿದ್ದ. ಬಸ್ಸಿನ ಒಳಗೆ ಮುಂದಿನ ಸಾಲಿನಲ್ಲಿ ಕುಳಿತೆನೆಂಬುದು ಅವನ ಇಂಗಿತ. ಅವನು ಬರೆದುದರ ಅರ್ಥ, ಓಡುತ್ತಿರುವ ಬಸ್ಸಿನ ಎದುರಿಗೆ ರಸ್ತೆಯ ಮೇಲೆ ಕುಳಿತಿದ್ದನೆಂದು. ಆ ಎರಡು ಅರ್ಥಗಳ ನಡುವೆ ಇರುವುದು 'ದ' ಎಂಬ ಒಂದು ಪುಟ್ಟ ಪದ: 'ಇನ್ ದ ಫ್ರಂಟ್' ಎಂದಿದ್ದರೆ ಹುಡುಗ ಬದುಕಿಕೊಳ್ಳುತ್ತಿದ್ದ. ನಾನು ಕೆಂಪು ಮಸಿಯಲ್ಲಿ ಆ 'ದ'ವನ್ನು ಸೇರಿಸಿ ಅರ್ಧ ಅಂಕ ಕಳೆದೆ. ಹುಡುಗ ಬಂದು, "ಸಾರ್, 'ಮುಂದೆ' ಅಂದ್ರೆ 'ಇನ್ ಫ್ರಂಟ್ ಆಫ್' ಅಂತ ನೀವೇ ಬರೆಸಿದ್ರಲ್ಲ?" ಎಂದ. ಬರೆಸಿದ್ದು ನಿಜ. ಎಡಗಡೆ ಕನ್ನಡ, ಬಲಗಡೆ ಇಂಗ್ಲಿಷು, ನಡುವೆ ಒಂದು ಗೆರೆ. ಇಪ್ಪತ್ತು ಪದಗಳ ಪಟ್ಟಿ. ಬಸ್ಸಿಗೆ ಒಳಗೂ ಒಂದು ಮುಂದು, ಹೊರಗೂ ಒಂದು ಮುಂದು ಉಂಟೆಂಬುದನ್ನು ಆ ಪಟ್ಟಿಯಲ್ಲಿ ಯಾವ ಸಾಲಿನಲ್ಲಿ ಬರೆಸುವುದು?

ಇದಕ್ಕಿಂತ ಕಠಿನವಾದುದು 'ಇನ್', 'ಆನ್', 'ಅಟ್' ಎಂಬ ಮೂರು ಕಿರಿಯ ಪದಗಳ ಕಥೆ. ಕನ್ನಡದ ಸಪ್ತಮಿಯು ಉದಾರವಾದುದು; ಮನೆಯಲ್ಲಿ, ರಸ್ತೆಯಲ್ಲಿ, ನಿಲ್ದಾಣದಲ್ಲಿ ಎಂದು ಮೂರಕ್ಕೂ 'ಅಲ್ಲಿ' ಎಂಬ ಒಂದೇ ಪ್ರತ್ಯಯದಿಂದ ಕೆಲಸ ಸಾಗಿಸುತ್ತದೆ. ಹಳಗನ್ನಡದಲ್ಲಿ ಸಪ್ತಮಿಗೆ ಕೇಶಿರಾಜನು ಹೇಳುವ ಪ್ರತ್ಯಯ 'ಒಳ್', ಎಂದರೆ ಒಳಗು ಎಂಬುದೇ. ಒಳಗಿಲ್ಲದ್ದನ್ನೂ ಒಳಗೆಂದು ಹೇಳಿಯೇ ಕವಿಗಳು ಮಹಾಕಾವ್ಯಗಳನ್ನು ಬರೆದರು. ಇಂಗ್ಲಿಷಾದರೋ, ಸುತ್ತ ಆವರಿಸಿದ್ದರೆ 'ಇನ್', ಮೇಲ್ಮೈಗೋ ಗೆರೆಗೋ ಅಂಟಿದ್ದರೆ 'ಆನ್', ನಕ್ಷೆಯ ಮೇಲೆ ಇಟ್ಟ ಚುಕ್ಕೆಯಂತಿದ್ದರೆ 'ಅಟ್' ಎಂದು ಸ್ಥಾನದ ಆಕಾರವನ್ನು ಮೊದಲು ವಿಚಾರಿಸುತ್ತದೆ. ಕೋಣೆಯ ಮೂಲೆಯಲ್ಲಿ ಕುರ್ಚಿ ಇದ್ದರೆ 'ಇನ್', ಬೀದಿಯ ಮೂಲೆಯಲ್ಲಿ ಅಂಗಡಿ ಇದ್ದರೆ 'ಅಟ್' ಅಥವಾ 'ಆನ್'. ಕಾರಿನಲ್ಲಿ ಹೋದರೆ 'ಇನ್', ಬಸ್ಸಿನಲ್ಲಿ ಹೋದರೆ 'ಆನ್'. ಎದ್ದು ನಡೆದಾಡುವಷ್ಟು ನೆಲವಿರುವ ವಾಹನಗಳಿಗೆ ಹಡಗಿನ ಅಟ್ಟಣೆಯ ಮರ್ಯಾದೆ ಸಂದಿತೆಂದು ಇದನ್ನು ವಿವರಿಸುವುದುಂಟು. ಇವನ್ನೆಲ್ಲ ನಿಯಮಗಳೆಂದು ಬಾಯಿಪಾಠ ಮಾಡಿಸುವ ಬದಲು, ನಮ್ಮವರೇ ಮಾಡಿಟ್ಟ ವಿಚಾರವನ್ನು ಮಕ್ಕಳ ಮುಂದಿಟ್ಟರೆ ಎಷ್ಟು ಸುಲಭವಾಗುತ್ತಿತ್ತೆಂದು ನನಗೆ ಬಹಳ ತಡವಾಗಿ ಹೊಳೆಯಿತು. ಸಂಸ್ಕೃತ ವೈಯಾಕರಣರು ಅಧಿಕರಣವನ್ನು ಮೂರು ಬಗೆಯಾಗಿ ವಿಂಗಡಿಸಿದ್ದಾರೆ: ಚಾಪೆಯ ಮೇಲೆ ಕುಳಿತಂತೆ ತಾಗಿಕೊಂಡಿರುವುದು ಔಪಶ್ಲೇಷಿಕ, ಎಳ್ಳಿನಲ್ಲಿ ಎಣ್ಣೆಯಂತೆ ವ್ಯಾಪಿಸಿರುವುದು ಅಭಿವ್ಯಾಪಕ, ಮೋಕ್ಷದಲ್ಲಿ ಇಚ್ಛೆಯಂತೆ ವಿಷಯವಾಗಿರುವುದು ವೈಷಯಿಕ. ಇಂಗ್ಲಿಷಿನ ಮೂರಕ್ಕೆ ಇವು ಸಮನಾಗಿ ಕೂಡುವುದಿಲ್ಲ, ನಿಜ. ಆದರೆ ತಾಗಿರುವುದು ಬೇರೆ, ಒಳಗಿರುವುದು ಬೇರೆ ಎಂಬ ವಿವೇಕ ಇಂಗ್ಲೆಂಡಿನಿಂದ ಆಮದಾಗಬೇಕಾಗಿರಲಿಲ್ಲ. ಚಾಪೆಯನ್ನೂ ಎಳ್ಳನ್ನೂ ಬಲ್ಲ ಮಗುವಿಗೆ 'ಆನ್', 'ಇನ್'ಗಳು ಅಪರಿಚಿತವಲ್ಲ.

ಮರ ಮತ್ತು ಮನೆಗಳ ವ್ಯತ್ಯಾಸವೂ ಇಂತಹುದೇ. ಮನೆಗೆ ಮುಖವುಂಟು, ನಾನು ಎಲ್ಲಿ ನಿಂತಿದ್ದರೂ ಮನೆಯ ಹಿಂದೆ ಎಂದರೆ ಹಿತ್ತಿಲು. ಮರಕ್ಕೆ ಮುಖವಿಲ್ಲ, ಮರದ ಹಿಂದೆ ಎಂದರೆ ನನಗೆ ಕಾಣದ ಕಡೆ, ಮತ್ತು ಎದುರುಬದಿಯಲ್ಲಿ ನಿಂತವನಿಗೆ ಅದೇ ಮುಂದೆ. ಇದು ಕನ್ನಡಕ್ಕೂ ಇಂಗ್ಲಿಷಿಗೂ ಸಮಾನ. ಪಾಠಪುಸ್ತಕದ ಚಿತ್ರಕಾರರು ಮಾತ್ರ ಮುಖವಿಲ್ಲದ ಒಂದು ಪೆಟ್ಟಿಗೆಯನ್ನೂ ಮುಖವಿಲ್ಲದ ಒಂದು ಚೆಂಡನ್ನೂ ಬರೆದು, ಚೆಂಡು ಪೆಟ್ಟಿಗೆಯ ಹಿಂದಿದೆಯೆಂದು ಹೇಳಿಸುತ್ತಾರೆ. ನೋಡುವ ಮನುಷ್ಯನೊಬ್ಬನನ್ನು ಆ ಚಿತ್ರದಲ್ಲಿ ನಿಲ್ಲಿಸಿದ್ದರೆ ಅರ್ಧ ಪಾಠ ತಾನಾಗಿಯೇ ಆಗುತ್ತಿತ್ತು.

ಏರಿಳಿತದ ಪದಗಳು ಇನ್ನೊಂದು ಮೋಜು. 'ಡೌನ್ ದ ರೋಡ್' ಎಂದು ಆಂಗ್ಲನು ಹೇಳಿದರೆ ಅಲ್ಲಿ ಇಳಿಜಾರನ್ನು ಹುಡುಕಬಾರದು. ರಸ್ತೆಯುದ್ದಕ್ಕೆ ಸ್ವಲ್ಪ ಮುಂದೆ ಎಂದಷ್ಟೇ ಅರ್ಥ. ಬ್ರಿಟನ್ನಿನ ರೈಲುಹಳಿಗಳಲ್ಲಿ ಸಾಮಾನ್ಯವಾಗಿ ಲಂಡನ್ನಿಗೆ ಹೋಗುವುದು 'ಅಪ್', ಲಂಡನ್ನಿನಿಂದ ಬರುವುದು 'ಡೌನ್'. ರಾಜಧಾನಿಯನ್ನು ಶಿಖರವೆಂದು ಎಣಿಸಿದ ಅಹಂಕಾರವದು. ನಮ್ಮ ಕರಾವಳಿಯವರು ಘಟ್ಟದ ಮೇಲೆ ಹೋಗಿದ್ದೆನೆಂದರೆ ಅಲ್ಲಿ ನಿಜವಾದ ಘಟ್ಟವುಂಟು, ತಿರುವುಗಳುಂಟು, ಬಸ್ಸಿನಲ್ಲಿ ವಾಂತಿಯೂ ಉಂಟು.

ನನಗೆ ಅತ್ಯಂತ ಪ್ರಿಯವಾದ ಸಾಮ್ಯವನ್ನು ಕೊನೆಗೆ ಇಟ್ಟುಕೊಂಡಿದ್ದೇನೆ. ಇಂಗ್ಲೆಂಡಿನ ಆಂಗ್ಲೋ-ಸ್ಯಾಕ್ಸನ್ ಅರಸರ ಭೂದಾನದ ಶಾಸನಪತ್ರಗಳು ಲ್ಯಾಟಿನ್ನಿನಲ್ಲಿವೆ. ದೇವರ ಸ್ತುತಿ, ಅರಸನ ಬಿರುದು, ದಾನಕ್ಕೆ ತಪ್ಪಿದವನಿಗೆ ಶಾಪ, ಎಲ್ಲವೂ ಆ ಗಂಭೀರವಾದ ಭಾಷೆಯಲ್ಲಿ. ಆದರೆ ಕೊಟ್ಟ ನೆಲದ ಎಲ್ಲೆಯನ್ನು ಹೇಳಬೇಕಾದ ಸ್ಥಳ ಬಂದಾಗ, ಹತ್ತನೆಯ ಶತಮಾನದ ಹೊತ್ತಿಗಂತೂ ವಾಡಿಕೆಯಾಗಿ, ಬರಹಗಾರನು ಲ್ಯಾಟಿನ್ನನ್ನು ಕೆಳಗಿಟ್ಟು ಹಳೆಯ ಇಂಗ್ಲಿಷನ್ನು ಎತ್ತಿಕೊಳ್ಳುತ್ತಾನೆ: ಮೊದಲು ಇಂಥ ಮರದಿಂದ ತೊರೆಗೆ, ತೊರೆಯ ಗುಂಟ ಹಳ್ಳಕ್ಕೆ, ಹಳ್ಳದಿಂದ ಕಲ್ಲಿಗೆ, ಎಂದು ಎಲ್ಲೆಯ ಮೇಲೆ ನಡೆದುಕೊಂಡು ಹೋದವನ ಮಾತಿನಂತೆಯೇ ಆ ಸಾಲುಗಳು ಸಾಗುತ್ತವೆ. ಇಂದಿನ ಇಂಗ್ಲಿಷಿನ 'ಅಲಾಂಗ್' ಎಂಬ ಪದ ಆ ಸಾಲುಗಳಲ್ಲಿ 'ಆಂಡ್‌ಲಾಂಗ್' ಎಂಬ ರೂಪದಲ್ಲಿ ಪದೇ ಪದೇ ನಡೆದಾಡುತ್ತದೆ. ಈಗ ನಮ್ಮ ಗಂಗರ ತಾಮ್ರಶಾಸನಗಳನ್ನು ನೋಡಿ. ವಂಶಪ್ರಶಸ್ತಿ ಸಂಸ್ಕೃತದಲ್ಲಿ, ಎಲ್ಲೆಯ ವಿವರ ಬಂದಾಗ ಅನೇಕ ಶಾಸನಗಳಲ್ಲಿ ಕನ್ನಡ. ಮೂಡಣ ದೆಸೆಗೆ ಹುಣಿಸೆಯ ಮರ, ತೆಂಕಣ ದೆಸೆಗೆ ಹುತ್ತ, ಪಡುವಣಕ್ಕೆ ಮೊರಡಿ, ಬಡಗಣಕ್ಕೆ ಕೆರೆಯ ಕೋಡಿ, ಎಂಬ ಧಾಟಿಯಲ್ಲಿ. ಪರಸ್ಪರ ಹೆಸರನ್ನೂ ಕೇಳಿರದ ಎರಡು ನಾಡುಗಳ ಲಿಪಿಕಾರರು ಒಂದೇ ತೀರ್ಮಾನಕ್ಕೆ ಬಂದಿದ್ದರು: ಹೊಗಳಿಕೆಗೆ ಯಾವ ಭಾಷೆಯಾದರೂ ಆದೀತು, ಎಲ್ಲೆಗೆ ಮಾತ್ರ ಆ ನೆಲವನ್ನು ಉಳುವವನ ಭಾಷೆಯೇ ಆಗಬೇಕು, ಇಲ್ಲದಿದ್ದರೆ ನಾಳೆ ವ್ಯಾಜ್ಯ ಬರುವುದು. ಇಂದಿಗೂ ನಮ್ಮ ಕ್ರಯಪತ್ರದಲ್ಲಿ ನಾಲ್ಕು ದಿಕ್ಕಿನ ಎಲ್ಲೆಯನ್ನು ಹೇಳುವ ಚೆಕ್ಕುಬಂದಿಯೆಂಬ ಭಾಗ ಇಲ್ಲದೆ ಉಪನೋಂದಣಿ ಕಚೇರಿಯಲ್ಲಿ ಕೆಲಸ ನಡೆಯುವುದಿಲ್ಲ. ಇಂಗ್ಲೆಂಡಿನ ಹಳ್ಳಿಗಳಲ್ಲಿ ವರ್ಷಕ್ಕೊಮ್ಮೆ ಪಾದ್ರಿಯೊಡನೆ ಊರವರೆಲ್ಲ ಎಲ್ಲೆಯ ಮೇಲೆ ನಡೆದು, ಎಲ್ಲೆಗಲ್ಲು ಬಂದಲ್ಲೆಲ್ಲ ಹುಡುಗರಿಗೆ ಛಡಿಯೇಟು ಕೊಡುತ್ತಿದ್ದರು, ಅಥವಾ ಅವರನ್ನೇ ಎತ್ತಿ ಕಲ್ಲಿಗೆ ಕುಕ್ಕುತ್ತಿದ್ದರು, ಮುಪ್ಪಿನವರೆಗೂ ಆ ಸ್ಥಳ ಮರೆಯಬಾರದೆಂದು. ಸ್ಥಾನವಾಚಕ ಪದಗಳನ್ನು ಕಲಿಸುವ ಆ ವಿಧಾನವನ್ನು ನಾನು ಅನುಮೋದಿಸುವುದಿಲ್ಲ. ಆದರೆ ನಾನು ಕಳೆದ ಅರ್ಧ ಅಂಕಕ್ಕಿಂತ ಅದು ಹೆಚ್ಚು ನೆನಪಿನಲ್ಲಿ ಉಳಿದಿರಬೇಕು.

ಇಷ್ಟು ದೂರ ಬಂದ ಮೇಲೆ ಬೆಂಗಳೂರಿನ ಬೀದಿಯ ಕಡೆಗೆ ನೋಡಿದರೆ ಕಾಣುವುದೇನು? 1898ರ ಪ್ಲೇಗಿನ ಹೊತ್ತಿನಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳ ನೇರವಾದ ಬೀದಿಗಳನ್ನು ಕೊಯ್ದವರು ಅವಕ್ಕೆ 'ಮೇನ್', 'ಕ್ರಾಸ್' ಎಂದು ಹೆಸರಿಟ್ಟರು. ಮುಖ್ಯರಸ್ತೆ, ಅಡ್ಡರಸ್ತೆ ಎಂದು ಹಲಗೆಯ ಮೇಲೆ ಕನ್ನಡದಲ್ಲಿ ಬರೆದಿದ್ದರೂ ಬಾಯಲ್ಲಿ ಉಳಿದುದು ಆ ಎರಡೇ. ಅದಕ್ಕೆ ನನ್ನ ತಕರಾರಿಲ್ಲ; ಅವು ಈಗ ನಮ್ಮ ಪದಗಳೇ, 'ಕ್ರಾಸಿನಲ್ಲಿ' ಎಂದು ನಮ್ಮ ಸಪ್ತಮಿಯನ್ನೇ ಧರಿಸಿಕೊಂಡು ಓಡಾಡುತ್ತಿವೆ. ಬಸ್ಸಿನ 'ರೈಟ್' ಕೂಡ ಹಾಗೆಯೇ. ಆದರೆ ಎಡ, ಬಲ, ನೇರ ಎಂಬ ಎರಡೆರಡಕ್ಷರದ ಪದಗಳನ್ನು ಬಿಟ್ಟು 'ಲೆಫ್ಟು', 'ರೈಟು', 'ಸ್ಟ್ರೈಟು'ಗಳನ್ನು ಹಿಡಿದುದರಿಂದ ನಮಗೆ ಲಾಭವಾದುದೇನು? ಇಂಗ್ಲಿಷು ಬರಲಿಲ್ಲ, ಏಕೆಂದರೆ ಹೊರದೇಶದವನೊಬ್ಬನು ರೈಲ್ವೆ ನಿಲ್ದಾಣಕ್ಕೆ ದಾರಿ ಕೇಳಿದರೆ, 'ಗೋ ಸ್ಟ್ರೈಟ್, ದೆನ್ ಲೆಫ್ಟ್, ದೆನ್ ರೈಟ್' ಎಂಬುದರಾಚೆಗೆ, ದೇವಸ್ಥಾನವನ್ನು ದಾಟಿ, ಸೇತುವೆಯ ಕೆಳಗೆ ಹಾದು, ಪೆಟ್ರೋಲ್ ಬಂಕಿನ ಎದುರಿಗೆ ಎಂದು ಹೇಳುವ 'ಪಾಸ್ಟ್', 'ಅಂಡರ್', 'ಆಪೊಸಿಟ್'ಗಳು ನಮ್ಮ ಪದವೀಧರರ ಬಾಯಿಗೆ ಬರುವುದಿಲ್ಲ. ಕನ್ನಡವೂ ಉಳಿಯಲಿಲ್ಲ; ನಗರದ ಮಗುವನ್ನು ಪಡುವಣ ಯಾವುದೆಂದು ಕೇಳಿದರೆ ಅದು ತಾಯಿಯ ಮುಖ ನೋಡುತ್ತದೆ.

ಮೊಬೈಲಿನ ನಕ್ಷೆಯೇ ಎಲ್ಲವನ್ನೂ ಹೇಳುವಾಗ ಈ ಚಿಂತೆ ಏಕೆಂದು ನನ್ನ ಸೋದರಳಿಯ ಕೇಳುತ್ತಾನೆ. ನಕ್ಷೆ ಹೇಳುತ್ತದೆ, ನಾನು ಬಲ್ಲೆ, ಕನ್ನಡದಲ್ಲಿಯೂ ಹೇಳುತ್ತದೆ. ಆದರೆ ಹೊರಟ ಕ್ಷಣದಲ್ಲಿ ಅದು ಮೊದಲು ಆಡುವ ಮಾತು ಹಲವು ಸಲ 'ಈಶಾನ್ಯ ದಿಕ್ಕಿಗೆ ಸಾಗಿ' ಎಂಬ ಬಗೆಯದು. ಈಶಾನ್ಯ ಎಲ್ಲಿದೆಯೆಂದು ತಿಳಿಯದೆ ಕಾರನ್ನು ಹತ್ತು ಹೆಜ್ಜೆ ನಡೆಸಿ, ಬಾಣದ ಗುರುತು ಎತ್ತ ತಿರುಗುವುದೆಂದು ನೋಡಿ ಆಮೇಲೆ ದಾರಿ ನಿಶ್ಚಯಿಸುವುದನ್ನು ಅವನೇ ನನ್ನೆದುರಿಗೆ ಎಷ್ಟೋ ಸಲ ಮಾಡಿದ್ದಾನೆ.

ಆದುದರಿಂದ ಈಗ ಪಾಠ ಹೇಳುತ್ತಿರುವ ನನ್ನ ಕಿರಿಯ ಸಹೋದ್ಯೋಗಿಗಳಲ್ಲಿ ಒಂದು ಬಿನ್ನಹ. ಸ್ಥಾನವಾಚಕಗಳ ಪಾಠ ಬಂದ ದಿನ ಪೆಟ್ಟಿಗೆ ಚೆಂಡುಗಳ ಪುಟವನ್ನು ಮುಚ್ಚಿಡಿ. ಮಕ್ಕಳನ್ನು ಶಾಲೆಯ ಗೇಟಿನ ಹೊರಗೆ ಕರೆದುಕೊಂಡು ಹೋಗಿ, ಸೂರ್ಯ ಎತ್ತ ಮೂಡಿದನೆಂದು ಮೊದಲು ಕನ್ನಡದಲ್ಲಿ ಕೇಳಿ. ಆಮೇಲೆ ತರಗತಿಯನ್ನು ಎರಡು ಪಾಲು ಮಾಡಿ, ಒಂದು ಪಾಲನ್ನು ಇನ್ನೊಂದರ ಎದುರಿಗೆ ನಿಲ್ಲಿಸಿ, ಬೀದಿಯಲ್ಲಿರುವ ಅಂಗಡಿ ಯಾವ ಕಡೆಗಿದೆಯೆಂದು ಇಂಗ್ಲಿಷಿನಲ್ಲಿ ಹೇಳಿಸಿ. ಒಂದು ಪಾಲು 'ಲೆಫ್ಟ್' ಎನ್ನುತ್ತದೆ, ಇನ್ನೊಂದು 'ರೈಟ್' ಎನ್ನುತ್ತದೆ, ಇಬ್ಬರೂ ಜಗಳಕ್ಕೆ ನಿಲ್ಲುತ್ತಾರೆ. ಆ ಜಗಳವನ್ನು ಬೇಗ ಬಿಡಿಸಬೇಡಿ.

ಅಂದಹಾಗೆ, ಮುಹೂರ್ತ ನಮಗೆ ತಪ್ಪಿತು; ಊಟ ತಪ್ಪಲಿಲ್ಲ. ಛತ್ರ ಮೂಡಲಲ್ಲಿಯೇ ಇತ್ತು.